ಹದಿನಾರು ಜನರ ಬ್ಯಾಂಡು, ಹೆಗಲ ಮೇಲೊಂದು ತ್ಸುಜುಮಿ

1956ರ ಮಾರ್ಚ್. ಅಮೆರಿಕದ ಟೀವಿಯಲ್ಲಿ ಆಗ ಜನಪ್ರಿಯವಾಗಿದ್ದ ‘ವಾಟ್ಸ್ ಮೈ ಲೈನ್?’ ಕಾರ್ಯಕ್ರಮ. ಬಂದವರ ಕಸುಬು ಏನೆಂದು ಪ್ರಶ್ನೆ ಕೇಳಿ ಕೇಳಿ ಊಹಿಸುವ ಆಟ ಅದು. ಅವತ್ತು ಬಂದು ಕೂತವರು ಕಿಮೋನೊ ಉಟ್ಟ ಇಪ್ಪತ್ತಾರರ ಜಪಾನಿ ಯುವತಿ, ತೊಶಿಕೊ ಅಕಿಯೋಶಿ. ಕಸುಬು, ಜಾಝ್ ಪಿಯಾನೊ. ಆ ಉಡುಗೆಗೂ ಈ ಕಸುಬಿಗೂ ತಾಳೆಯಾಗುವುದಿಲ್ಲ ಎಂದು ಎಲ್ಲರೂ ನಂಬಿದ್ದರಲ್ಲ, ಆಟದ ಮಜಾ ಇದ್ದದ್ದೇ ಅಲ್ಲಿ.

ಅಕಿಯೋಶಿಯವರನ್ನು ಜೀವನವಿಡೀ ಬೆನ್ನು ಹತ್ತಿದ ಪ್ರಶ್ನೆಯೂ ಇದೇ. ಜಾಝ್ ಕಪ್ಪು ಅಮೆರಿಕನ್ನರು ಕಟ್ಟಿ ಬೆಳೆಸಿದ ಸಂಗೀತ. ಅದರಲ್ಲಿ ಹೊರಗಿನವರ ಪಾಲೇನು? ಚೆನ್ನಾಗಿ ನಕಲು ಮಾಡುವುದಷ್ಟೆಯೋ, ಇನ್ನೇನಾದರೂ ಕೊಡಬಹುದೋ?

ಅವರು ಹುಟ್ಟಿದ್ದು 1929ರಲ್ಲಿ, ಈಗ ಚೀನಾದಲ್ಲಿರುವ ಮಂಚೂರಿಯಾದ ಲಿಯಾವೊಯಾಂಗ್‌ನಲ್ಲಿ. ಅಲ್ಲಿ ನೆಲೆಸಿದ್ದ ಜಪಾನಿ ಕುಟುಂಬದ ನಾಲ್ಕು ಹೆಣ್ಣುಮಕ್ಕಳಲ್ಲಿ ಕೊನೆಯವರು. ಯುದ್ಧದಲ್ಲಿ ಜಪಾನ್ ಸೋತಿತು, ಮನೆಯವರು ಇದ್ದಬದ್ದದ್ದೆಲ್ಲ ಕಳೆದುಕೊಂಡು 1946ರಲ್ಲಿ ಕ್ಯೂಷು ದ್ವೀಪದ ಬೆಪ್ಪು ಎಂಬ ಊರಿಗೆ ಬಂದರು. ಬಿಸಿನೀರಿನ ಬುಗ್ಗೆಗಳ ಊರು ಅದು. ಆಗ ಅಮೆರಿಕನ್ ಸೈನಿಕರೂ ಅವರಿಗಾಗಿ ತೆರೆದ ಡ್ಯಾನ್ಸ್ ಹಾಲುಗಳೂ ಇದ್ದವು. ಒಂದು ಹಾಲಿನ ಮುಂದೆ ಪಿಯಾನೊ ನುಡಿಸುವವರು ಬೇಕು ಎಂಬ ಬೋರ್ಡು ಕಂಡಿತು. ಹುಡುಗಿಗೆ ಬೇಕಾಗಿದ್ದದ್ದು ಪಿಯಾನೊ, ಮನೆಯಲ್ಲಿ ಅದಿರಲಿಲ್ಲ. ಒಳಗೆ ಹೋದರು, ಕೆಲಸ ಸಿಕ್ಕಿತು. ರೆಕಾರ್ಡು ಕೂಡಿಡುವ ಒಬ್ಬರು ಅಮೆರಿಕದ ಜಾಝ್ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ನುಡಿಸಿದ ‘ಸ್ವೀಟ್ ಲೊರೇನ್’ ಹಾಕಿ ಕೇಳಿಸಿದರು. ಅಲ್ಲಿಗೆ ಮುಗಿಯಿತು, ಜಾಝ್ ಹಿಡಿಯಿತು. ಸೋತ ದೇಶದ ಹುಡುಗಿಗೆ ಈ ಸಂಗೀತ ತಲುಪಿದ್ದು ಗೆದ್ದವರ ಮನರಂಜನೆಯಾಗಿ ಎಂಬುದು ಮರೆಯತಕ್ಕ ಮಾತಲ್ಲ.

ಟೋಕಿಯೊಗೆ ಹೋದ ಮೇಲೆ ದಾರಿ ಬೇಗ ತೆರೆಯಿತು. 1953ರಲ್ಲಿ ಹೆಸರಾಂತ ಜಾಝ್ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಅಲ್ಲಿಯ ಗಿಂಜಾದ ಕ್ಲಬ್ಬೊಂದರಲ್ಲಿ ಇವರ ಪಿಯಾನೊ ಕೇಳಿ, ನಿರ್ಮಾಪಕ ನಾರ್ಮನ್ ಗ್ರಾಂಝ್‌ಗೆ ಶಿಫಾರಸು ಮಾಡಿದರು. ಪೀಟರ್ಸನ್ನರ ಜೊತೆಗಾರರನ್ನೇ ಕೂರಿಸಿಕೊಂಡು ರೆಕಾರ್ಡು ಆಯಿತು. 1956ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಗೆ ಬಂದರು, ಅಲ್ಲಿಯ ಮೊದಲ ಜಪಾನಿ ವಿದ್ಯಾರ್ಥಿ. ಆ ವರ್ಷಗಳಲ್ಲಿ ಸಿಕ್ಕ ಗಮನವೆಲ್ಲ ತನ್ನ ಕೈಚಳಕಕ್ಕೆ ಸಂದದ್ದಲ್ಲ, ಅಮೆರಿಕದ ಪಿಯಾನೊ ವಾದಕ ಬಡ್ ಪೊವೆಲ್ ಶೈಲಿಯಲ್ಲಿ ನುಡಿಸುವ ಜಪಾನಿ ಹೆಣ್ಣು ಎಂಬ ಸೋಜಿಗಕ್ಕೂ ಸಂದದ್ದು ಎಂದು ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಇಲ್ಲೊಂದು ಬೆಂಗಳೂರಿನ ಎಳೆ ಇದೆ, ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1959ರಲ್ಲಿ ಅಕಿಯೋಶಿ ಮದುವೆಯಾದದ್ದು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರನ್ನು. ಆ ಮದುವೆ ಹೆಚ್ಚು ಕಾಲ ಉಳಿಯಲಿಲ್ಲ. ಮುಂದೆ ಮರಿಯಾನೊ ನಮ್ಮ ಕಡೆಯ ನಾಗಸ್ವರ ಕಲಿತರು, ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ತಂದರು. ಗಂಡ ಪರದೇಶದ ವಾದ್ಯ ಹುಡುಕಿಕೊಂಡು ಹೊರಟರೆ, ಹೆಂಡತಿ ತನ್ನ ಊರಿನ ವಾದ್ಯವನ್ನು ಪರದೇಶಕ್ಕೆ ಕರೆತಂದರು.

ಅದಕ್ಕೆ ಮೊದಲು ಬ್ಯಾಂಡಿನ ಮಾತು. ಬ್ಯಾಂಡ್ ಸೆಟ್ ಎಂದರೆ ನಮಗೆ ಮದುವೆ ಮೆರವಣಿಗೆ ನೆನಪಾಗುತ್ತದೆ. ಇಲ್ಲಿಯ ಬಿಗ್ ಬ್ಯಾಂಡ್ ಬೇರೆ. ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್, ಐದು ಸ್ಯಾಕ್ಸೊಫೋನ್, ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್. ಒಟ್ಟು ಹದಿನಾರು ಜನ. ಪ್ರತಿಯೊಬ್ಬರ ಸ್ವರವನ್ನೂ ಬರೆದು ಕೊಡಬೇಕು, ನಡುನಡುವೆ ಒಬ್ಬೊಬ್ಬರಿಗೂ ಮನೋಧರ್ಮಕ್ಕೆ ಜಾಗ ಬಿಡಬೇಕು. 1930ರ ದಶಕದಲ್ಲಿ ಅಮೆರಿಕ ಕುಣಿದದ್ದೆಲ್ಲ ಈ ಬ್ಯಾಂಡುಗಳ ತಾಳಕ್ಕೆ. ಯುದ್ಧ ಬಂತು, ವಾದಕರು ಸೇನೆ ಸೇರಿದರು. 1942ರಲ್ಲಿ ಸಂಗೀತಗಾರರ ಸಂಘ ರೆಕಾರ್ಡಿಂಗ್ ಮುಷ್ಕರ ಹೂಡಿತು. ಕುಣಿತದ ಜಾಗಗಳ ಮೇಲೆ ತೆರಿಗೆ ಬಿತ್ತು. 1946ರ ಕೊನೆಯ ಹೊತ್ತಿಗೆ ಹೆಸರಾಂತ ಬ್ಯಾಂಡುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಹದಿನಾರು ಸಂಬಳ, ಹದಿನಾರು ಊಟ, ಹದಿನಾರು ಟಿಕೇಟು ಯಾರ ಕೈಲಾಗುತ್ತದೆ?

ಇಂಥ ಹೊತ್ತು ಕಳೆದು ಕಾಲು ಶತಮಾನವಾದ ಮೇಲೆ, 1973ರಲ್ಲಿ, ಲಾಸ್ ಏಂಜಲೀಸಿನಲ್ಲಿ ಅಕಿಯೋಶಿ ಬಿಗ್ ಬ್ಯಾಂಡ್ ಕಟ್ಟಿದರು. ಎರಡನೆಯ ಪತಿ, ಸ್ಯಾಕ್ಸೊಫೋನ್ ಮತ್ತು ಕೊಳಲು ವಾದಕ ಲ್ಯೂ ಟಬಾಕಿನ್, ಅಲ್ಲಿ ಟೀವಿ ಕಾರ್ಯಕ್ರಮದ ವಾದ್ಯವೃಂದದಲ್ಲಿದ್ದರು. ಅಂಥ ಸ್ಟುಡಿಯೊ ಕೆಲಸ ಮಾಡಿ ಬೇಸತ್ತ ನುರಿತ ವಾದಕರು ಊರ ತುಂಬ ಇದ್ದರು. ವಾರಕ್ಕೊಮ್ಮೆ ಸಂಗೀತಗಾರರ ಸಂಘದ ಹಾಲಿನಲ್ಲಿ ಸೇರಿ ಅಭ್ಯಾಸ. ಸ್ಯಾಕ್ಸೊಫೋನ್ ಸಾಲಿನ ಐವರೂ ಕೊಳಲು, ಕ್ಲಾರಿನೆಟ್ ಹಿಡಿಯಬಲ್ಲವರಾದ್ದರಿಂದ ಅಕಿಯೋಶಿ ಐದು ಕೊಳಲುಗಳ ಒಂದು ಪದರ, ಅದರಡಿ ಟ್ರಾಂಬೋನ್ ಎಂದೆಲ್ಲ ಬರೆಯತೊಡಗಿದರು. ಅವರ ಬ್ಯಾಂಡಿನ ದನಿ ಗುರುತು ಸಿಗುವುದು ಅದರಿಂದಲೇ. ಇತರ ಬ್ಯಾಂಡುಗಳು ಹಿತ್ತಾಳೆಯಾಗಿ ಮೊಳಗುವಲ್ಲಿ ಇದು ಬಿದಿರಾಗಿ ಉಸಿರಾಡುತ್ತದೆ.

ಮೊದಲ ಆಲ್ಬಂ 1974ರ ‘ಕೊಗುನ್’. ಆ ವರ್ಷದ ಮಾರ್ಚ್‌ನಲ್ಲಿ ಜಪಾನಿ ಸೈನಿಕ ಹಿರೂ ಒನೊಡ ಫಿಲಿಪ್ಪೀನ್ಸ್ ಕಾಡಿನಿಂದ ಹೊರಬಂದಿದ್ದ. ಯುದ್ಧ ಮುಗಿದದ್ದನ್ನು ನಂಬದೆ ಸುಮಾರು ಮೂವತ್ತು ವರ್ಷ ಅಲ್ಲೇ ಅಡಗಿದ್ದವನು. ಕೊಗುನ್ ಎಂದರೆ ಒಂಟಿ ಸೇನೆ. ಈ ಕೃತಿಯಲ್ಲಿ ಜಪಾನಿನ ಹಳೆಯ ರಂಗಕಲೆ ನೋ ನಾಟಕದ ತ್ಸುಜುಮಿ ಕೇಳಿಸುತ್ತದೆ. ಅದು ಡಮರುವಿನಂತೆ ನಡು ಸಣ್ಣಗಿರುವ ಮರದ ಚರ್ಮವಾದ್ಯ. ಬಲ ಹೆಗಲ ಮೇಲಿಟ್ಟು, ಎಡಗೈಲಿ ಹುರಿಗಳನ್ನು ಹಿಂಡಿ ಶ್ರುತಿ ಏರಿಸಿ ಇಳಿಸಿ, ಬಲಗೈ ಬೆರಳುಗಳಿಂದ ಬಡಿಯುತ್ತಾರೆ. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಇಡಕ್ಕೆ ಕೇಳಿದವರಿಗೆ ಕೈಯ ಕೆಲಸ ಕೂಡಲೇ ಗೊತ್ತಾದೀತು. ಬಡಿಯುವವನೇ ಪೆಟ್ಟಿನ ಮೊದಲು ಎಳೆದು ಕೂಗುತ್ತಾನೆ. ಆ ಕೂಗಿಗೂ ಪೆಟ್ಟಿಗೂ ನಡುವಿನ ಮೌನವೇ ಅದರ ತಾಳ. ಜಾಝ್‌ನ ಸ್ವಿಂಗ್, ಅಂದರೆ ತೂಗಾಡುವ ಲಯ, ಮಾತ್ರ ಒಂದೇ ಸಮ ನಡೆಯುತ್ತ ಇರಬೇಕು. ಎರಡು ಬೇರೆ ಕಾಲಗಳನ್ನು ಒಟ್ಟಿಗೆ ಕೂರಿಸುವುದು ಸುಲಭದ ಮಾತಲ್ಲ. ಒಗ್ಗರಣೆಗೆ ಸಾಸಿವೆ ಎಸೆದಂತೆ ಪರದೇಶದ ವಾದ್ಯ ಎಸೆಯುವ ಫ್ಯೂಷನ್ ನಾವು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ತ್ಸುಜುಮಿ ತೆಗೆದರೆ ಕೃತಿಯೇ ಕುಸಿಯುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಕಪ್ಪು ಅಮೆರಿಕನ್ ಸಂಯೋಜಕ, ಬಿಗ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ತೀರಿಕೊಂಡರು. ತನ್ನ ಜನಾಂಗದ ಬಗ್ಗೆ ಅವರಿಗಿದ್ದ ಅಭಿಮಾನ, ಅದು ಅವರ ಸಂಗೀತದ ಬುಡದಲ್ಲೇ ಇದ್ದ ಬಗೆ, ಇದನ್ನೆಲ್ಲ ಓದಿದ ಅಕಿಯೋಶಿ ತನ್ನ ಬೇರೂ ತನಗೆ ಅಡ್ಡಿಯಲ್ಲ, ಬಂಡವಾಳ ಎಂದು ಕಂಡುಕೊಂಡರು. ಕಿಮೋನೊ ಮೈಮೇಲಿಂದ ಇಳಿದು ಹೋಗಿತ್ತು; ಜಪಾನ್ ಈಗ ಸ್ವರದ ಹಾಳೆಯೊಳಗೆ ಬಂದಿತ್ತು.

ಅದರ ಫಲ 1976ರ ‘ಇನ್‌ಸೈಟ್ಸ್’ ಆಲ್ಬಮ್ಮಿನ ‘ಮಿನಾಮಾಟಾ’. ಕ್ಯೂಷುವಿನದೇ ಮೀನುಗಾರರ ಊರು ಮಿನಾಮಾಟಾ. ಚಿಸ್ಸೊ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನಿನಿಂದ ಜನಕ್ಕೆ ಸೇರಿತು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು, ಆಮೇಲೆ ಮಕ್ಕಳ ಕೈಕಾಲು ಸೊಟ್ಟಗಾದವು. ರೋಗ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಇಪ್ಪತ್ತು ನಿಮಿಷ ಮೀರಿದ ಕೃತಿ ಶುರುವಾಗುವುದು ಮಗಳು ಮಿಚಿರುವಿನ ಎಳೆಯ ದನಿಯಿಂದ. ನೆಮ್ಮದಿಯ ಹಳ್ಳಿ, ಆಮೇಲೆ ಏಳಿಗೆ. ಏಳಿಗೆಯ ಭಾಗದಲ್ಲಿ ಬ್ಯಾಂಡು ಎಷ್ಟು ಹುರುಪಾಗಿ ಸ್ವಿಂಗ್ ಹೊಡೆಯುತ್ತದೆ ಎಂದರೆ ಕೇಳುವವರ ಕಾಲೂ ತಾಳ ಹಾಕುತ್ತದೆ. ಹಾಕಿದ್ದಕ್ಕೆ ನಾಚಿಕೆಯಾಗುವಂತೆ ಆಮೇಲೆ ನೋ ಗಾಯಕನ ದನಿ ಬರುತ್ತದೆ. ಅವರ ಎಲ್ಲ ಕೃತಿಗಳಲ್ಲಿ ನನಗೆ ಇದೇ ಮೇಲು.

‘ಡೌನ್‌ಬೀಟ್’ ಜಾಝ್ ಪತ್ರಿಕೆಯ ಮತಗಣನೆಯಲ್ಲಿ ಸಂಯೋಜನೆಗೆ ಮೊದಲ ಸ್ಥಾನ ಪಡೆದ ಮೊದಲ ಹೆಂಗಸು ಅವರೇ. ಗ್ರ್ಯಾಮಿಗೆ ಹದಿನಾಲ್ಕು ಸಲ ನಾಮನಿರ್ದೇಶನಗೊಂಡು ಒಂದೂ ಕೈಗೆ ಬರಲಿಲ್ಲ. 1982ರಲ್ಲಿ ನ್ಯೂಯಾರ್ಕಿಗೆ ಬಂದು ಹೊಸ ವಾದಕರೊಂದಿಗೆ ಮತ್ತೆ ಬ್ಯಾಂಡ್ ಕಟ್ಟಿದರು. ಮುಂದೆ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಸೋಮವಾರಗಳ ಕಛೇರಿ.

ಹಿರೋಷಿಮಾದ ಬೌದ್ಧ ಗುರುವೊಬ್ಬರು ಬಾಂಬಿನ ಮೇಲೆ ಕೃತಿ ಬರೆದುಕೊಡಿ ಎಂದು ಕೇಳಿ ಫೋಟೊಗಳನ್ನು ಕಳಿಸಿದಾಗ ಅಕಿಯೋಶಿ ಹಿಂಜರಿದರು. ಇಂಥ ಭೀಕರವನ್ನು ಸಂಗೀತ ಮಾಡಿ ಏನುಪಯೋಗ? ಕೊನೆಗೆ ಆ ಕಟ್ಟಿನಲ್ಲಿ ಒಂದು ಫೋಟೊ ಕಂಡಿತು: ನೆಲದಡಿ ಇದ್ದು ಬದುಕುಳಿದ ಹುಡುಗಿ, ಮುಖದಲ್ಲಿ ಚೂರು ನಗು. ಆಮೇಲೆ ಒಪ್ಪಿಕೊಂಡರು. 2001ರ ಆಗಸ್ಟ್ 6ರಂದು ಹಿರೋಷಿಮಾದಲ್ಲೇ ಅದರ ಮೊದಲ ಪ್ರಯೋಗ. ಮುಂದಿನ ತಿಂಗಳೇ ನ್ಯೂಯಾರ್ಕಿನ ಅವಳಿ ಕಟ್ಟಡ ಉರುಳಿದವು. ಅಲ್ಲಿಂದಾಚೆ ಕಛೇರಿಗಳ ಕೊನೆಗೆ ಆ ಕೃತಿಯ ಕಡೆಯ ಭಾಗ ‘ಹೋಪ್’ ನುಡಿಸುವುದು ರೂಢಿಯಾಯಿತು.

2003ರ ಅಕ್ಟೋಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಬ್ಯಾಂಡಿನ ವಿದಾಯ ಕಛೇರಿ ನಡೆಯಿತು. ಬ್ಯಾಂಡ್ ನಿಲ್ಲಿಸಿದ್ದಕ್ಕೆ ಅವರು ಕೊಟ್ಟ ಕಾರಣ, ಪಿಯಾನೊ ಅಭ್ಯಾಸಕ್ಕೆ ಹೊತ್ತು ಬೇಕು ಎಂಬುದು. ಆಗ ಅವರಿಗೆ ಎಪ್ಪತ್ತಮೂರು.