ವರ್ಷದ ಲೆಕ್ಕ ಬಿಡಿ, ಡಿಸೆಂಬರ್ ಲೆಕ್ಕ ಕೇಳಿ

ಮ್ಯೂನಿಕ್ ಹತ್ತಿರ ಮನೆ ಕೊಂಡ ದಾವಣಗೆರೆ ಕಡೆಯ ಹುಡುಗನೊಬ್ಬ ಮೊನ್ನೆ ಎಕ್ಸೆಲ್ ಹಾಳೆ ತೆರೆದಿಟ್ಟ. “ಸರ್, ಛಾವಣಿಗೆ 10 ಕಿಲೋವ್ಯಾಟ್ ಸೋಲಾರ್ ಹಾಕಿದ್ರೆ ವರ್ಷಕ್ಕೆ 10,000 ಯೂನಿಟ್. ಮನೆ ಬೆಚ್ಚಗಿಡೋ ಹೀಟ್ ಪಂಪ್ ಸೇರಿ ನಮಗೆ 9,000 ಸಾಕು. ಇನ್ಮೇಲೆ ಬಿಲ್ಲೇ ಇರಲ್ಲ, ಅಲ್ವಾ?”

ಇರುತ್ತದಪ್ಪಾ! ಎಷ್ಟು ಮನೆಗಳಲ್ಲಿ ಎಷ್ಟು ಸಲ ಇದನ್ನೇ ಹೇಳಿದ್ದೇನೋ.

ನಮ್ಮವರು ಎಡವುವುದು ಎಲ್ಲಿ ಅಂತ ಗೊತ್ತು. ಬೆಂಗಳೂರಲ್ಲಿ ಬೆಸ್ಕಾಂನ ನೆಟ್ ಮೀಟರಿಂಗ್ ನೋಡಿರುತ್ತಾರೆ: ಕೊಟ್ಟ ಯೂನಿಟ್ಟು, ಪಡೆದ ಯೂನಿಟ್ಟು, ಎರಡನ್ನೂ ಕಳೆದು ಬಿಲ್. ಜರ್ಮನಿಯಲ್ಲಿ ಮನೆಗಳಿಗೆ ಆ ಪದ್ಧತಿ ಇಲ್ಲ. ಹೊಸದಾಗಿ ಹಾಕಿಸಿದವರು ಗ್ರಿಡ್‌ಗೆ ಕೊಟ್ಟರೆ ಯೂನಿಟ್ಟಿಗೆ ಸುಮಾರು 8 ಸೆಂಟ್, ಅಲ್ಲಿಂದ ಪಡೆದರೆ ಸಾಮಾನ್ಯವಾಗಿ 30ಕ್ಕೂ ಮೇಲೆ. 2000ದಲ್ಲಿ ನವೀಕರಿಸಬಹುದಾದ ಇಂಧನ ಕಾಯ್ದೆ ಬಂದಾಗ ಗ್ರಿಡ್‌ಗೆ ಕೊಟ್ಟ ಯೂನಿಟ್ಟಿನ ದರ 50 ಸೆಂಟ್ ದಾಟಿತ್ತು, ಅದೂ 20 ವರ್ಷದ ಖಾತ್ರಿ. ಈ ದೇಶದ ಸೋಲಾರ್ ಬೆಳೆದದ್ದೇ ಆ ಖಾತ್ರಿಯ ಮೇಲೆ. ಈಗ ಒಟ್ಟು ಸಾಮರ್ಥ್ಯ 100 ಗಿಗಾವ್ಯಾಟ್ ಮೀರಿದೆ. ಬಿಸಿಲಿನ ಭಾನುವಾರ ಮಧ್ಯಾಹ್ನ ಕೊಳ್ಳುವವರಿಲ್ಲದೆ ಸಗಟು ದರ ಸೊನ್ನೆಗಿಂತ ಕೆಳಗಿಳಿಯುವುದುಂಟು. 2025ರ ಫೆಬ್ರವರಿ ಕೊನೆಯಿಂದ ಹಾಕಿದ ಹೊಸ ವ್ಯವಸ್ಥೆಗಳಿಗೆ ಅಂಥ ಹೊತ್ತಿನಲ್ಲಿ ಹಣವಿಲ್ಲ ಎಂಬ ನಿಯಮವೂ ಬಂದಿದೆ. ಚಿಕ್ಕ ವ್ಯವಸ್ಥೆಗಳಿಗೆ ವಿನಾಯಿತಿಗಳಿವೆ, ಸಹಿ ಹಾಕುವ ಮೊದಲು ನಿಮ್ಮದು ಯಾವುದಕ್ಕೆ ಸೇರುತ್ತದೆ ಎಂದು ಕೇಳಿಕೊಳ್ಳಿ.

“ಹಾಗಾದ್ರೆ ಬ್ಯಾಟರಿ ಹಾಕಿಸ್ತೀನಿ” ಅಂದ ಹುಡುಗ. ಬೇಸಿಗೆಯದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದಂತೆ. 10 ಯೂನಿಟ್ಟಿನ ಬ್ಯಾಟರಿ ಮನೆಯ ಒಂದು ರಾತ್ರಿಗೆ ಆದೀತು, ಅಷ್ಟೇ. ಜೂನ್‌ನಲ್ಲಿ ಇಷ್ಟೇ ಪ್ಯಾನೆಲ್ ಸಾವಿರಕ್ಕೂ ಹೆಚ್ಚು ಯೂನಿಟ್ ಕೊಟ್ಟೀತು. ಡಿಸೆಂಬರ್‌ನಲ್ಲಿ ಇನ್ನೂರೋ ಮುನ್ನೂರೋ, ಛಾವಣಿಯ ಇಳಿಜಾರು, ನೆರಳು, ಹಿಮ ನೋಡಿಕೊಂಡು ಅದಕ್ಕೂ ಕಡಿಮೆ. ಹೀಟ್ ಪಂಪ್ ಅತಿ ಹೆಚ್ಚು ಎಳೆಯುವುದು ಆ ತಿಂಗಳುಗಳಲ್ಲೇ.

ನಾನು ಚಾರ್ಟ್ ಬಿಡಿಸುತ್ತಿದ್ದೆ. ಮೂರು ತಿಂಗಳಿಗೆಂದು ಬಂದಿದ್ದ ಅವನ ತಾಯಿ ಬಾಲ್ಕನಿಯಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದವರು ಅಲ್ಲಿಂದಲೇ, “ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬ್ಕೋಬೋದು ಕಣೋ, ಬಿಸ್ಲನ್ನೇ ತುಂಬಕ್ಕಾಗುತ್ತಾ? ಇದ್ದಾಗ ಕೆಲಸ ಮುಗಿಸ್ಕೋಬೇಕು” ಅಂದರು.

ಅಮ್ಮ, ನನ್ನ ಅರ್ಧ ಗಂಟೆ ಉಳಿಸಿದಿರಿ. ಗ್ರಾಹಕರಿಗೆ ನಾನು ಹೇಳಬೇಕಾದದ್ದು ಅಷ್ಟೇ. ವಾಷಿಂಗ್ ಮಷೀನು, ಪಾತ್ರೆ ತೊಳೆಯುವ ಯಂತ್ರ ಮಧ್ಯಾಹ್ನಕ್ಕೆ ಹಾಕಿ. ಎಲೆಕ್ಟ್ರಿಕ್ ಕಾರು ಹಗಲು ಮನೆಯಲ್ಲೇ ಇದ್ದರೆ ಆಗಲೇ ಚಾರ್ಜ್ ಮಾಡಿ. ನಿಮ್ಮ ಛಾವಣಿಯ ಒಂದು ಯೂನಿಟ್ ನೀವೇ ಬಳಸಿದರೆ 30 ಸೆಂಟ್ ಉಳಿಯಿತು, ಮಾರಿದರೆ 8 ಬಂತು. ಪೂರ್ವ–ಪಶ್ಚಿಮ ಮುಖದ ಛಾವಣಿ ಸಿಕ್ಕಿತೆಂದು ಬೇಜಾರಾಗಬೇಡಿ. ಒಟ್ಟು ಉತ್ಪಾದನೆ ಸ್ವಲ್ಪ ಕಡಿಮೆಯಾದರೂ ಬೆಳಿಗ್ಗೆ, ಸಂಜೆ ನೀವು ಅಡುಗೆಮನೆಯಲ್ಲಿರುವಾಗ ಕರೆಂಟು ಬರುತ್ತದೆ.

ಹುಡುಗನಿಗೆ ಹಾಳೆ ವಾಪಸ್ ಕೊಟ್ಟು, ವರ್ಷದ ಒಂದು ಸಾಲಿನ ಬದಲು ಹನ್ನೆರಡು ಸಾಲು ಮಾಡಿ ತರಲು ಹೇಳಿದ್ದೇನೆ. ಹೀಟ್ ಪಂಪಿನದು ಬೇರೆ ಕಾಲಂ. ಮುಂದಿನ ವಾರ ಬರುತ್ತಾನೆ, ಅಲ್ಲಿಯವರೆಗೆ ಬ್ಯಾಟರಿಗೆ ಮುಂಗಡ ಕೊಡಬೇಡ ಅಂದಿದ್ದೇನೆ.