ಎಂಆರ್‌ಐ ನಾರ್ಮಲ್, ಆದರೂ ಮಗುವಿಗೆ ಮಾತಿಲ್ಲ

ಚಳ್ಳಕೆರೆ, ಜಗಳೂರು, ಹೊಸದುರ್ಗದಿಂದ ಮಗುವನ್ನು ದಾವಣಗೆರೆಗೆ ಕರೆತರುವ ಎಷ್ಟೋ ತಂದೆ–ತಾಯಿಯ ಕೈಯಲ್ಲಿ ದಪ್ಪ ಫೈಲೇ ಇರುತ್ತದೆ. ಮೂರು ವರ್ಷವಾದರೂ ಮಾತಿಲ್ಲ, ನಡಿಗೆ ತೂರಾಡುತ್ತದೆ, ನಿದ್ದೆ ಕಡಿಮೆ, ಫಿಟ್ಸ್ ಇದೆ, ಸಣ್ಣದಕ್ಕೂ ಕೈ ಬಡಿಯುತ್ತಾ ನಗು. ಎಂಆರ್‌ಐ ಮಾತ್ರ ನಾರ್ಮಲ್. ಇಷ್ಟೂ ಒಟ್ಟಿಗೆ ಕಂಡರೆ ಏಂಜೆಲ್‌ಮನ್ ಸಿಂಡ್ರೋಮ್ ಎಂಬ, ಜೀನಿನ ದೋಷದಿಂದ ಬರುವ ಮೆದುಳಿನ ಕಾಯಿಲೆ ನೆನಪಾಗಬೇಕು.

ಇದರ ಮೂಲ ಯುಬಿಇ3ಎ ಎಂಬ ಕಿಣ್ವದ ಕೊರತೆ. ಜೀವಕೋಶಕ್ಕೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಚೀಟಿ ಅಂಟುತ್ತದೆ. ಇ1 ಕಿಣ್ವ ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡಿ ಚೀಟಿಯನ್ನು ಸಜ್ಜು ಮಾಡುತ್ತದೆ, ಇ2 ಹೊತ್ತು ತರುತ್ತದೆ, ಯಾವುದಕ್ಕೆ ಅಂಟಿಸಬೇಕೆಂದು ಆರಿಸುವುದು ಇ3. ಮೆಕ್ಕೆಜೋಳದ ರಾಶಿ ಚೀಲಗಳ ನಡುವೆ ಇದೇ ಚೀಲ ಎಂದು ತೋರಿಸುವವನಿದ್ದ ಹಾಗೆ. ನಮ್ಮಲ್ಲಿ 600ಕ್ಕೂ ಹೆಚ್ಚು ಇ3ಗಳಿವೆ; ಯುಬಿಇ3ಎ ಅವುಗಳಲ್ಲೊಂದು. ಚೀಟಿಗಳ ಸರಪಳಿ ಬೆಳೆದ ಪ್ರೋಟೀನನ್ನು ಜೀವಕೋಶದೊಳಗಿನ ಪ್ರೋಟಿಯಾಸೋಮ್ ಎಂಬ ಯಂತ್ರ ತುಂಡರಿಸುತ್ತದೆ. ಚೀಟಿ ಮತ್ತೆ ಬಳಕೆಗೆ ಬರುತ್ತದೆ.

ಈ ಕಿಣ್ವದ ಜೀನ್ 15ನೇ ಕ್ರೋಮೋಸೋಮಿನಲ್ಲಿದೆ. ಮೆದುಳಿನ ನರಕೋಶಗಳಲ್ಲಿ ತಂದೆಯಿಂದ ಬಂದ ಪ್ರತಿ ಸುಮ್ಮನಿರುತ್ತದೆ, ತಾಯಿಯಿಂದ ಬಂದದ್ದೊಂದೇ ದುಡಿಯುತ್ತದೆ. ಅದು ಕೈಕೊಟ್ಟರೆ ಬದಲಿಯಿಲ್ಲ. ಸುಮಾರು ಶೇ 70 ಮಕ್ಕಳಲ್ಲಿ ಆ ಭಾಗವೇ ಬಿಟ್ಟುಹೋಗಿರುತ್ತದೆ.

ಸಾಧಾರಣ ಕ್ಯಾರಿಯೋಟೈಪ್ (ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಿ, ನಾರ್ಮಲ್ ಬಂತೆಂದು ಫೈಲ್ ಮುಚ್ಚುವುದು ದೊಡ್ಡ ತಪ್ಪು. ಬಿಟ್ಟುಹೋದ ತುಂಡು ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳದಷ್ಟು ಚಿಕ್ಕದು. ಮೊದಲು ಬರೆಯಬೇಕಾದದ್ದು ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ನೋಡುವ ಡಿಎನ್‌ಎ ಮಿಥೈಲೇಷನ್ ಪರೀಕ್ಷೆ. 2–3 ಮಿಲಿ ರಕ್ತ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ. ಹಸಿರು ಮುಚ್ಚಳದ ಟ್ಯೂಬ್ ಬೇಡ, ಅದರಲ್ಲಿನ ಹೆಪಾರಿನ್ ಪಿಸಿಆರ್ (ಡಿಎನ್‌ಎ ನಕಲು ಹೆಚ್ಚಿಸುವ ಹಂತ) ಕೆಡಿಸುತ್ತದೆ. ಈ ಪರೀಕ್ಷೆ ಸುಮಾರು ಶೇ 80 ಮಕ್ಕಳನ್ನು ಹಿಡಿಯುತ್ತದೆ. ನಾರ್ಮಲ್ ಬಂದರೂ ಅನುಮಾನ ಉಳಿದಿದ್ದರೆ ಯುಬಿಇ3ಎ ಸೀಕ್ವೆನ್ಸಿಂಗ್, ಅಂದರೆ ಆ ಜೀನನ್ನು ಅಕ್ಷರಕ್ಷರ ಓದುವ ಪರೀಕ್ಷೆ.

ರೋಗ ಗೊತ್ತಾದರೆ ಔಷಧದ ಆಯ್ಕೆಯೂ ಬದಲಾಗುತ್ತದೆ: ಫಿಟ್ಸ್‌ಗೇ ಕೊಡುವ ಕಾರ್ಬಮಜೆಪೈನ್, ವಿಗಾಬಟ್ರಿನ್ ಈ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸಬಹುದು. ಹಾಗಂತ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ.

ಸೋದರಮಾವನನ್ನು ಮದುವೆಯಾದದ್ದಕ್ಕೇ ಹೀಗಾಯಿತೆಂದು ತಾಯಂದಿರನ್ನು ದೂರುವುದುಂಟು. ಇದಕ್ಕೂ ಅದಕ್ಕೂ ನಂಟಿಲ್ಲ. ತುಂಡು ಬಿಟ್ಟುಹೋದ ಬಹುತೇಕ ಪ್ರಕರಣಗಳಲ್ಲಿ ಮುಂದಿನ ಮಗುವಿಗೆ ಅಪಾಯ ಶೇ 1ಕ್ಕಿಂತ ಕಡಿಮೆ. ಆದರೆ ಜೀನಿನ ದೋಷ ತಾಯಿಯಲ್ಲೇ ಇದ್ದರೆ ಶೇ 50. ಅದು ಆಕೆಗೆ ಅಪ್ಪನಿಂದ ಬಂದಿದ್ದರೆ ಆಕೆ ಆರೋಗ್ಯವಾಗಿಯೇ ಇರುತ್ತಾಳೆ. ಆಗ ಆಕೆಯ ಅಕ್ಕತಂಗಿಯರ ರಕ್ತವನ್ನೂ, ಅವರು ಬಸುರಾಗುವ ಮೊದಲೇ, ಪರೀಕ್ಷಿಸಬೇಕು.