ಸುಮ್ನೆ ಬ್ರೌಸರ್ ತೆರೆದರೂ ಫ್ಯಾನ್ ಯಾಕೆ ಕೂಗುತ್ತದೆ?

ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಂಡವರಲ್ಲಿ ಬಹಳ ಜನ ಮೊದಲ ವಾರದಲ್ಲೇ ಫೋನ್ ಮಾಡುತ್ತಾರೆ. “ಸರ್, ಒಂದು ಟ್ಯಾಬ್ ತೆರೆದರೂ ಪ್ರೊಸೆಸರ್ 40ರಿಂದ 58 ಡಿಗ್ರಿಗೆ ಹಾರುತ್ತೆ. ಫ್ಯಾನ್ ಜೋರಾಗುತ್ತೆ, ತಣ್ಣಗಾಗುತ್ತೆ, ಮತ್ತೆ ಜೋರು. ಪೇಸ್ಟ್ ಸರಿಯಾಗಿ ಹಚ್ಚಿಲ್ವಾ?” ಸಾಮಾನ್ಯವಾಗಿ ಪೇಸ್ಟ್, ಅಂದರೆ ಬಿಸಿ ದಾಟಿಸಲು ಪ್ರೊಸೆಸರ್ ಮೇಲೆ ಹಚ್ಚುವ ಲೇಪ, ಚೆನ್ನಾಗೇ ಇರುತ್ತದೆ. ಬದಲಿಸಬೇಕಾದ್ದು ಫ್ಯಾನಿನ ಸೆಟ್ಟಿಂಗ್.

2019ರಲ್ಲಿ ಬಂದ ಎಎಂಡಿ ಕಂಪನಿಯ ರೈಜೆನ್ 3000 ಪ್ರೊಸೆಸರ್ ಸರಣಿಯನ್ನೇ ನೋಡಿ. ಈ ದೂರು ಜಾಸ್ತಿಯಾಗಿದ್ದು ಅಲ್ಲಿಂದಲೇ. ಅದರಲ್ಲಿ ಎಂಟು ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಕೂತಿರುವ ಸಿಲಿಕಾನ್ ತುಂಡು ಸುಮಾರು 74 ಚದರ ಮಿಲಿಮೀಟರ್ ಅಷ್ಟೇ, ಕಿರುಬೆರಳಿನ ಉಗುರಿನಷ್ಟು. ನೀವು ಏನಾದರೂ ಕ್ಲಿಕ್ ಮಾಡಿದ ಕೂಡಲೇ ಒಂದೆರಡು ಕೋರ್ 4 ಗಿಗಾಹರ್ಟ್ಸ್ ದಾಟಿ ಓಡುತ್ತವೆ. ಅದಕ್ಕಾಗಿ ವೋಲ್ಟೇಜೂ 1.4ರ ಆಸುಪಾಸಿಗೆ ಏರುತ್ತದೆ. ಕೆಲಸ ಬೇಗ ಮುಗಿಸಿ ಮತ್ತೆ ಮಲಗುವುದು ಈ ಚಿಪ್‌ಗಳ ರೀತಿ. ಇಂಟೆಲ್ ಚಿಪ್‌ಗಳೂ ಇದನ್ನೇ ಮಾಡುತ್ತವೆ.

ಆಗ ಹುಟ್ಟುವ ಬಿಸಿ, ಚಿಪ್ ಮೇಲಿನ ಲೋಹದ ಮುಚ್ಚಳ ಮತ್ತು ಪೇಸ್ಟ್ ದಾಟಿ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ಗೆ ಹೋಗಬೇಕು. ಸೆನ್ಸರ್ ಇರುವುದು ಸಿಲಿಕಾನಿನ ಒಳಗೆ. ಹಾಗಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ 15–20 ಡಿಗ್ರಿ ಏರಿದ್ದು ಪರದೆಯಲ್ಲಿ ಕಾಣುತ್ತದೆ. ಅದೇ ಹೊತ್ತಿಗೆ ಹೀಟ್‌ಸಿಂಕ್ ಮುಟ್ಟಿ ನೋಡಿದರೆ ಮೊದಲಿನಷ್ಟೇ ಬೆಚ್ಚಗಿರುತ್ತದೆ. ಅಷ್ಟು ಅಲ್ಯೂಮಿನಿಯಂ, ತಾಮ್ರ ಬಿಸಿಯಾಗಲು ನಿಮಿಷಗಳು ಬೇಕು.

ಫ್ಯಾನ್ ಗಾಳಿ ಹಾಕುವುದು ಈ ಹೀಟ್‌ಸಿಂಕ್‌ಗೆ. ಅದಿನ್ನೂ ಬಿಸಿಯಾಗದೇ ಇದ್ದಾಗ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಆ ಎರಡು ಸೆಕೆಂಡಿನ ಏರಿಕೆ ನಿಲ್ಲುವುದಿಲ್ಲ. ಆದರೆ ಮದರ್‌ಬೋರ್ಡ್ ಸಿಲಿಕಾನಿನ ರೀಡಿಂಗ್ ನೋಡಿ ಫ್ಯಾನ್ ಓಡಿಸುತ್ತದೆ. ಕಿರಿಕಿರಿ ಹುಟ್ಟುವುದು ಇಲ್ಲೇ. ಫ್ಯಾನ್ ವೇಗ ಎರಡರಷ್ಟಾದರೆ ಸದ್ದು ಸುಮಾರು 15 ಡೆಸಿಬಲ್ ಏರುತ್ತದೆ ಎಂಬುದು ಎಂಜಿನಿಯರ್‌ಗಳ ಅಂದಾಜು ಲೆಕ್ಕ. ಒಂದೇ ಸಮ ನಿಮಿಷಕ್ಕೆ 900 ಸುತ್ತಿನಲ್ಲಿ ತಿರುಗುವ ಫ್ಯಾನನ್ನು ಕಿವಿ ಬೇಗ ಮರೆಯುತ್ತದೆ. 600ಕ್ಕೂ 1400ಕ್ಕೂ ನಡುವೆ ಜೀಕುವ ಫ್ಯಾನನ್ನು ಮರೆಯುವುದಿಲ್ಲ.

ಬಯಾಸ್‌ನ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಫ್ಯಾನ್ ವಿಭಾಗಕ್ಕೆ ಹೋಗಿ. 60–65 ಡಿಗ್ರಿವರೆಗೆ ಒಂದೇ ಕಡಿಮೆ ವೇಗ ಕೊಡಿ. ಅಲ್ಲಿಂದ ನಿಧಾನವಾಗಿ ಏರಿ 85ರ ಹೊತ್ತಿಗೆ ಪೂರ್ತಿ ವೇಗ ಮುಟ್ಟಲಿ. ಫ್ಯಾನ್ ತಡವಾಗಿ ಏರುವಂತೆ ಮಾಡುವ ಸ್ಮೂತಿಂಗ್ ಅಥವಾ ಸ್ಟೆಪ್ ಅಪ್ ಟೈಮ್ ಎಂಬ ಆಯ್ಕೆ ಇದ್ದರೆ ಅದನ್ನು ಜಾಸ್ತಿ ಮಾಡಿ. ವೇಗ ನಿಯಂತ್ರಣಕ್ಕೆ ನಾಲ್ಕು ಪಿನ್ನಿನ ಫ್ಯಾನಿಗೆ ಪಿಡಬ್ಲ್ಯುಎಂ ಮೋಡ್, ಮೂರು ಪಿನ್ನಿನದಕ್ಕೆ ಡಿಸಿ ಮೋಡ್ ಇರಲಿ. ಇದು ತಪ್ಪಿದ್ದರೆ ಮೂರು ಪಿನ್ನಿನ ಫ್ಯಾನ್ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ.

ಇನ್ನು ಪ್ರೊಸೆಸರ್ ಡಬ್ಬದ ಮೇಲಿನ ವ್ಯಾಟ್. ಅದನ್ನು ನಂಬಿ ಕೂಲರ್ (ಹೀಟ್‌ಸಿಂಕ್ ಮತ್ತು ಫ್ಯಾನ್ ಸೇರಿದ ಜೋಡಿ) ಆರಿಸಬೇಡಿ. 65 ವ್ಯಾಟ್ ಎಂದಿರುವ ರೈಜೆನ್ 88 ವ್ಯಾಟ್‌ವರೆಗೂ ಎಳೆಯುತ್ತದೆ. ಇಂಟೆಲ್ ಕೋರ್ ಐ5-12400ಕ್ಕೆ ಮೂಲ ಲೆಕ್ಕ 65, ಟರ್ಬೋದಲ್ಲಿ, ಅಂದರೆ ಜಾಸ್ತಿ ವೇಗದಲ್ಲಿ ಓಡುವಾಗ, 117. 2022ರ ರೈಜೆನ್ 7000 ಸರಣಿಯ ದೊಡ್ಡ ಚಿಪ್‌ಗಳಂತೂ ಭಾರದ ಕೆಲಸದಲ್ಲಿ 95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲುವಂತೆ ತಯಾರಾಗಿವೆ. ಅದಕ್ಕೆ ಗಾಬರಿ ಬೇಡ. ಆದರೂ ಸದ್ದು ಬೇಡ ಅನಿಸಿದರೆ ಬಯಾಸ್‌ನಲ್ಲಿ ವಿದ್ಯುತ್ ಮಿತಿ ಇಳಿಸುವ ಇಕೋ ಮೋಡ್ ಹಾಕಿ. ದಿನನಿತ್ಯದ ಕೆಲಸದಲ್ಲಿ ವೇಗ ಕಡಿಮೆಯಾಗಿದ್ದು ಗೊತ್ತಾಗುವುದೇ ಕಷ್ಟ. ನನಗೆ ಕೇಳಿದರೆ, ದುಬಾರಿ ಕೂಲರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು.

ಹಾಗಾದರೆ ನಿಜವಾದ ತೊಂದರೆ ಗೊತ್ತಾಗುವುದು ಹೇಗೆ? ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹಾಕುವ ಸಿನಿಬೆಂಚ್‌ನಂಥ ಪರೀಕ್ಷಾ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ, ಡಿಗ್ರಿ ಜೊತೆಗೆ ಗಿಗಾಹರ್ಟ್ಸ್ ಕೂಡ ನೋಡಿ. ಸಾಧಾರಣ 65 ವ್ಯಾಟ್‌ನ ಚಿಪ್ ಕೆಲವೇ ಸೆಕೆಂಡಿನಲ್ಲಿ ಬಿಸಿಯ ಮಿತಿ ಮುಟ್ಟಿ ವೇಗ ಬೇಸ್ ಕ್ಲಾಕ್‌ಗಿಂತ (ಕಂಪನಿ ಹೇಳಿದ ಮೂಲ ವೇಗ) ಕೆಳಗಿಳಿದರೆ ಕೂಲರ್ ಸರಿಯಾಗಿ ಕೂತಿಲ್ಲ. ಇಂಟೆಲ್ ಕೂಲರಿನ ನಾಲ್ಕು ಪುಶ್ ಪಿನ್‌ಗಳಲ್ಲಿ ಒಂದು ಮೇಲೆದ್ದಿರುವುದು ತೀರಾ ಸಾಮಾನ್ಯ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೇ ಕೂರಿಸಿದ್ದೂ ಇರುತ್ತದೆ. ಬಿಸಿ ನಿಧಾನವಾಗಿ, ನಿಮಿಷ ನಿಮಿಷಕ್ಕೂ ಏರಿದರೆ ಧೂಳು ಅಥವಾ ಗಾಳಿಯ ಕೊರತೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಮತ್ತೆ ಓಡಿಸಿ. ಐದಾರು ಡಿಗ್ರಿ ಇಳಿದರೆ ಒಳಗೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ.

ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಣೆ 25ರಿಂದ 38 ಡಿಗ್ರಿಗೆ ಏರಿದರೆ ಪ್ರೊಸೆಸರೂ ಹೆಚ್ಚುಕಮ್ಮಿ ಅಷ್ಟೇ, 13 ಡಿಗ್ರಿ, ಏರುತ್ತದೆ. ಬೆಂಗಳೂರಿನಲ್ಲಿ ಸದ್ದಿಲ್ಲದೆ ಓಡಿದ ಯಂತ್ರ ಮೇ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಕೂಗಿದರೆ ಅದು ಕೆಟ್ಟಿಲ್ಲ. ಅಲ್ಲಿಯವರು ಫ್ಯಾನ್ ಏರಲು ಶುರುವಾಗುವ ಬಿಂದುವನ್ನು 65ರ ಬದಲು 70–72ಕ್ಕೆ ಇಡಬಹುದು.

ಧೂಳು ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋವರಿನ ಗಾಳಿಗೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ವೇಗ ಕಡಿಮೆ ಇದ್ದಾಗಲೂ ಕರಕರ ಸದ್ದು ಬಂದರೆ ಬೇರಿಂಗ್ ಸವೆದಿದೆ. ಸೆಟ್ಟಿಂಗ್‌ನಿಂದ ಅದು ಹೋಗುವುದಿಲ್ಲ. ಟವರ್ ಕೂಲರ್ (ಪಕ್ಕಕ್ಕೆ ಫ್ಯಾನ್ ಇರುವ ಎತ್ತರದ ಕೂಲರ್) ಆದರೆ ಅದೇ ಅಳತೆಯ, ಸಾಮಾನ್ಯವಾಗಿ 120 ಮಿಲಿಮೀಟರಿನ, ಫ್ಯಾನ್ ಒಂದನ್ನೇ ಬದಲಿಸಿದರೆ ಸಾಕು.